ಗುಲಾಬಿ-ಹಸಿರಿನವರ ಊಟಕ್ಕೆ ಹೋಗಬಹುದಾ ಅಂತ ಕೇಳಿದ ತಂಗಿಗೆ

ಮೇರಿಲ್ಯಾಂಡಿಗೆ ಬಂದ ಹೊಸದರಲ್ಲೇ ನಿನಗೆ ಇಂಥ ಕರೆಯೋಲೆ ಸಿಕ್ಕಿದ್ದು ಖುಷಿ. ಐವತ್ತು ದಾಟಿದ ನಿಮ್ಮ ಮ್ಯಾನೇಜರ್ ಜನವರಿ 15ಕ್ಕೆ ಗುಲಾಬಿ-ಹಸಿರು ತೊಟ್ಟು, ಮುತ್ತಿನ ಸರ ಹಾಕಿ ಬಂದರು, ಇನ್ನೊಬ್ಬರನ್ನು ಕಂಡು 'ಸ್ಕೀ-ವೀ' ಅಂತ ಕೂಗಿದರು, ಆಮೇಲೆ ನಿನ್ನನ್ನು ಸ್ಕಾಲರ್‌ಶಿಪ್ ಊಟಕ್ಕೆ ಕರೆದರು. ಕಾಲೇಜು ಹುಡುಗಿಯರ ಕ್ಲಬ್ಬು ಈ ವಯಸ್ಸಲ್ಲಿ ಯಾಕೆ ಅಂತ ನಿನ್ನ ಪ್ರಶ್ನೆ.

ಅದು ಆಲ್ಫಾ ಕಪ್ಪಾ ಆಲ್ಫಾ, ಬಾಯಿಮಾತಲ್ಲಿ ಎ.ಕೆ.ಎ. ಕಪ್ಪು ವಿದ್ಯಾರ್ಥಿನಿಯರ ಮೊದಲ ಸೊರೊರಿಟಿ, ಅಂದರೆ ಕಾಲೇಜು ಹೆಣ್ಣುಮಕ್ಕಳ ಸಂಘ. 1908ರ ಜನವರಿ 15ರಂದು ಇಲ್ಲೇ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಸೇಂಟ್ ಲೂಯಿಯಿಂದ ಬಂದಿದ್ದ ಎಥೆಲ್ ಹೆಡ್ಜ್‌ಮನ್ ಮುಂದೆ ನಿಂತರು. ಒಟ್ಟು ಒಂಬತ್ತು ಜನ. ಗುಲಾಮಗಿರಿ ಹೋಗಿ ಐವತ್ತು ವರ್ಷ ಕೂಡ ಆಗಿರಲಿಲ್ಲ. ಕಪ್ಪು ಹೆಣ್ಣುಮಕ್ಕಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರೇ ಬೆರಳೆಣಿಕೆ, ಬಿಳಿಯರ ಸಂಘಗಳಲ್ಲಿ ಅವರಿಗೆ ಜಾಗವಿಲ್ಲ.

1912ರಲ್ಲಿ ಮನೆಯೊಳಗೇ ಜಗಳ. ಆಗಿನ ವಿದ್ಯಾರ್ಥಿನಿಯರು ಹೆಸರು, ಬಣ್ಣ ಎಲ್ಲ ಬದಲಿಸೋಣ ಅಂದರು. ಅದೇ ವರ್ಷ ಪದವಿ ಮುಗಿಸಿದ್ದ ನೆಲ್ಲಿ ಕ್ವಾಂಡರ್ ಜಗ್ಗಲಿಲ್ಲ; 1913ರ ಜನವರಿ 29ಕ್ಕೆ ಸಂಘವನ್ನು ಕಾನೂನುಬದ್ಧವಾಗಿ ನೋಂದಾಯಿಸಿಯೇ ಬಿಟ್ಟರು. ಅಷ್ಟರಲ್ಲಿ 22 ಜನ ಬೇರೆ ಹೋಗಿ ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿಕೊಂಡಿದ್ದರು. ಮಾರ್ಚ್ 3ಕ್ಕೆ ಮಹಿಳಾ ಮತದಾನದ ಹಕ್ಕಿಗಾಗಿ ಇದೇ ವಾಷಿಂಗ್ಟನ್ನಿನಲ್ಲಿ ಮೆರವಣಿಗೆ ನಡೆದಾಗ ಆ ಹುಡುಗಿಯರೂ ಹೆಜ್ಜೆ ಹಾಕಿದರು. ಯಾರು ಸರಿ ಅಂತ ನನ್ನನ್ನು ಕೇಳಬೇಡ, ನನಗೆ ಎರಡೂ ಕಡೆ ಗೆಳತಿಯರಿದ್ದಾರೆ!

ನೋಂದಣಿಯಿಂದ ಇತರ ಊರುಗಳಲ್ಲಿ ಶಾಖೆ ತೆರೆಯುವ ದಾರಿಯಾಯಿತು. ಪದವಿ ಮುಗಿಸಿದವರಿಗೂ ಶಾಖೆಗಳು ಬಂದವು. ನಿನ್ನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ: ಇದರ ಸದಸ್ಯತ್ವ ಜೀವನಪೂರ್ತಿ. ಟೀಚರು, ಡಾಕ್ಟರು, ವಕೀಲರಾದ ಮೇಲೆ ನಿಜವಾದ ಕೆಲಸ ಶುರು. 1935ರಿಂದ 1942ರವರೆಗೆ ಬೇಸಿಗೆಗಳಲ್ಲಿ ಡಾ. ಡೊರೊಥಿ ಫೆರೆಬಿ ಮುಂದಾಳತ್ವದಲ್ಲಿ ಮಿಸಿಸಿಪ್ಪಿಗೆ ಹೋಗಿ ಹತ್ತಿ ಹೊಲದ ಬಡ ಗೇಣಿದಾರರ ಮಕ್ಕಳಿಗೆ ಲಸಿಕೆ ಹಾಕಿದರು. ಜಮೀನ್ದಾರರು ಆಳುಗಳನ್ನು ಕ್ಲಿನಿಕ್ಕಿಗೆ ಬಿಡದಿದ್ದಾಗ ಕಾರಿಗೇ ಔಷಧಿ ತುಂಬಿಕೊಂಡು ತೋಟಗಳ ಬಾಗಿಲಿಗೇ ಹೋದರು. ಈಗ ಸದಸ್ಯರು ಮೂರು ಲಕ್ಷಕ್ಕೂ ಹೆಚ್ಚು. ಕಮಲಾ ಹ್ಯಾರಿಸ್ 1986ರಲ್ಲಿ ಹೋವರ್ಡ್‌ನಲ್ಲಿ ಓದುವಾಗಲೇ ಸೇರಿದ್ದರು; ಅವರ ಕೊರಳ ಮುತ್ತಿನ ಸರದ ಹಿಂದೆ ಇರುವುದೂ ಇದೇ ನಂಟು.

ಹೋಗು, ಟಿಕೆಟ್ ದುಡ್ಡು ಯಾವುದೋ ಹುಡುಗಿಯ ಫೀಸಿಗೆ ಹೋಗುತ್ತೆ. 'ಸ್ಕೀ-ವೀ' ಅಂತ ತಮಾಷೆಗೂ ಕೂಗಬೇಡ, ಅದು ಸದಸ್ಯರದ್ದು. ಸೀರೆ ಉಡುವುದಾದರೆ ಗುಲಾಬಿಗೆ ಹಸಿರು ಅಂಚಿನದು ಬೇಡ, ಸದಸ್ಯೆ ಅಂತ ತಿಳಿದಾರು. ಕೆಂಪು-ಕೆನೆ ಬಣ್ಣ ಡೆಲ್ಟಾದವರದು, ಅದನ್ನು ಉಟ್ಟು ಹೋದರೆ ಸಂಜೆಯವರೆಗೂ ಕಾಲೆಳೀತಾರೆ. ನೀಲಿ ಮೈಸೂರು ಸಿಲ್ಕ್ ಇದೆಯಲ್ಲ... ಬೇಡ, ನೀಲಿ-ಬಿಳಿ ಜೀಟಾ ಅನ್ನೋ ಇನ್ನೊಂದು ಸೊರೊರಿಟಿಯವರದು. ನೇರಳೆ ಇದ್ದರೆ ನೋಡು.