ಟ್ಯಾಮ್ಲಿನ್ ಬದಲಾಗಲೇ ಇಲ್ಲ

ನಿಮ್ಮ ಪತ್ರ ಓದಿ ಖುಷಿಯಾಯ್ತು. ಪ್ರೀತಿಯಿಂದ ಓದಿದವರಿಗೆ ಮಾತ್ರ ಒಂದು ಪುಸ್ತಕದ ಮೇಲೆ ಇಷ್ಟು ಸಿಟ್ಟು ಬರುತ್ತದೆ. ಸಾರಾ ಜೆ. ಮಾಸ್ ಅವರ ಮಾಯಾಲೋಕದ ಪ್ರೇಮಕಾದಂಬರಿ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ (2015) ಎರಡೇ ರಾತ್ರಿಯಲ್ಲಿ ಮುಗಿಸಿದ ನೀವು, ಮರುವರ್ಷ ಬಂದ ಅದರ ಎರಡನೇ ಭಾಗ ‘ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ’ಯನ್ನು ಅರ್ಧಕ್ಕೇ ಮುಚ್ಚಿಟ್ಟಿದ್ದೀರಿ. ನಾಯಕಿ ಫೇರಾ ಯಾರಿಗಾಗಿ ಪ್ರಾಣವನ್ನೇ ಪಣಕ್ಕಿಟ್ಟಳೋ ಆ ಪ್ರಿಯಕರ ಟ್ಯಾಮ್ಲಿನ್‌ನನ್ನೇ ಕೆಟ್ಟವನನ್ನಾಗಿ ಮಾಡಿದ್ದಾರೆ, ಇದು ಓದುಗರಿಗೆ ಮೋಸ ಅನ್ನೋದು ನಿಮ್ಮ ದೂರು. (ಮೊದಲ ಭಾಗ ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆ ಹೇಳಿಬಿಡ್ತೀನಿ.)

ಮೋಸ ಅಂತ ನನಗೆ ಅನ್ನಿಸಲಿಲ್ಲ. ಮೊದಲ ಭಾಗದ ಕೊನೆ ನೆನಪು ಮಾಡಿಕೊಳ್ಳಿ. ಟ್ಯಾಮ್ಲಿನ್‌ನ ಶಾಪ ಬಿಡಿಸಲು ದುಷ್ಟ ರಾಣಿ ಒಡ್ಡಿದ ಮೂರು ಪರೀಕ್ಷೆಗಳಲ್ಲಿ ಕೊನೆಯದರಲ್ಲಿ ಫೇರಾ ಏನೂ ತಪ್ಪು ಮಾಡದ ಇಬ್ಬರನ್ನು ತನ್ನ ಕೈಯಾರೆ ಇರಿದು ಕೊಲ್ಲಬೇಕಾಗುತ್ತದೆ. ನಾವು ಟ್ಯಾಮ್ಲಿನ್ ಬದುಕಿದ, ಶಾಪ ಹೋಯ್ತು ಅಂತ ನಿಟ್ಟುಸಿರು ಬಿಟ್ಟು ಆ ಇಬ್ಬರನ್ನು ಮರೆತೆವು. ಅವಳು ಮರೆಯಲಿಲ್ಲ, ಅಷ್ಟೇ. ಎರಡನೇ ಭಾಗದಲ್ಲಿ ರಾತ್ರಿ ಕೆಟ್ಟ ಕನಸು ಬಿದ್ದು ಎದ್ದು ಹೋಗಿ ವಾಂತಿ ಮಾಡ್ತಾಳೆ, ಚಿತ್ರ ಬರೆಯೋದು ಬಿಡ್ತಾಳೆ, ಮದುವೆಯ ದಿನ ದಾರಿಯಲ್ಲಿ ಹರಡಿದ ಕೆಂಪು ಗುಲಾಬಿ ಎಸಳು ರಕ್ತದ ಹಾಗೆ ಕಂಡು ಹೆಜ್ಜೆಯೇ ಮುಂದೆ ಹೋಗುವುದಿಲ್ಲ. ಅವಳಿಗೆ ಬೇಕಾಗಿದ್ದು ಮಾತು. ಟ್ಯಾಮ್ಲಿನ್‌ಗೆ ಗೊತ್ತಿದ್ದದ್ದು ಕಾವಲು. ಮೊದಲ ಭಾಗದಲ್ಲೂ ಅವನು ಅವಳನ್ನು ಕೇಳದೇ ತವರಿಗೆ ಕಳಿಸಿಬಿಟ್ಟಿದ್ದ ಅಲ್ವಾ? ಅದನ್ನು ನಾವು ಪ್ರೀತಿ ಅಂದುಕೊಂಡೆವು. ಅದೇ ಗುಣ ಎರಡನೇ ಭಾಗದಲ್ಲಿ ಅವಳನ್ನು ಮನೆಯೊಳಗೆ ಕೂಡಿಹಾಕುತ್ತದೆ.

ನಿಮ್ಮ ಒಂದು ಮಾತು ಮಾತ್ರ ಪೂರ್ತಿ ಒಪ್ಪುತ್ತೇನೆ. 49 ವರ್ಷ ಶಾಪದಡಿ ನರಳಿದ ಟ್ಯಾಮ್ಲಿನ್‌ಗೂ ಕೆಟ್ಟ ಕನಸುಗಳಿವೆ, ಆದರೆ ಕತೆ ಹೆಚ್ಚುಕಡಿಮೆ ಪೂರ್ತಿ ಫೇರಾಳ ಬಾಯಲ್ಲೇ ಬರುವುದರಿಂದ ಅವನ ಸಂಕಟ ನಮಗೆ ಹೊರಗಿನಿಂದ ಮಾತ್ರ ಕಾಣುತ್ತದೆ. 600 ಪುಟ ದಾಟಿದ ಪುಸ್ತಕದಲ್ಲಿ ಅವನಿಗೂ ಸ್ವಲ್ಪ ಜಾಗ ಕೊಡಬಹುದಿತ್ತು.

ಪಿಯುಸಿ ಓದೋ ಮಗಳಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಇದರಲ್ಲಿ ಮಲಗುವ ಕೋಣೆಯ ದೃಶ್ಯಗಳು ಜಾಸ್ತಿ, ಬಿಚ್ಚಿಯೇ ಬರೆದಿದ್ದಾರೆ. ಮೊದಲು ನೀವು ಓದಿ ಮುಗಿಸಿ.

ಓದೋಕೆ ಮತ್ತೆ ಶುರು ಮಾಡೋದಾದರೆ ಸ್ವಲ್ಪ ಹಿಂದೆ ಹೋಗಿ, ಇನ್ನೊಂದು ಆಸ್ಥಾನದ ಒಡೆಯ ರೈಸ್ಯಾಂಡ್ ಫೇರಾಳಿಗೆ ಅಕ್ಷರ ಕಲಿಸುವ ಜಾಗದಿಂದ ಹಿಡಿಯಿರಿ. ಓದು ಬಾರದೆ ಎರಡನೇ ಪರೀಕ್ಷೆಯಲ್ಲಿ ಗೋಡೆ ಮೇಲಿನ ಬರಹದ ಮುಂದೆ ಸಾಯುವ ಹಾಗಾಗಿದ್ದವಳು ಅವಳು. ಅವಳ ಕೈಯಲ್ಲಿ ಅವನು ತನ್ನನ್ನೇ ಹೊಗಳುವ ಸಾಲುಗಳನ್ನು ಕಾಪಿ ಬರೆಸ್ತಾನೆ, ಅವಳು ಸಿಟ್ಟಿನಲ್ಲೇ ಬರೀತಾಳೆ. ಎಷ್ಟೋ ದಿನದ ಮೇಲೆ ಅವಳಿಗೆ ಹಾಗೆ ಸಿಟ್ಟಾದರೂ ಬಂತಲ್ಲ ಅಂತ ನಾನು ಅಲ್ಲಿ ಪುಸ್ತಕ ಮಡಚಿ ಸುಮ್ನೆ ಕೂತಿದ್ದೆ.

ಮುಗಿಸಿದ ಮೇಲೆ ಖಂಡಿತ ಬರೀರಿ. ಆಗಲೂ ಟ್ಯಾಮ್ಲಿನ್ ಪರವೇ ಇದ್ದರೆ, ಆ ಪತ್ರವನ್ನೂ ಇಲ್ಲೇ ಅಚ್ಚು ಹಾಕ್ತೀನಿ.

– ಸಂ.