ದೀಪಕ್ಕೆ ಬರುವ ಬಿಳಿ ಪತಂಗ, ನೀರಲ್ಲಿ ತೇಲುವ ಹಸಿರು ಕೊಳವೆ

ಪ್ರಶ್ನೆ: ನಮ್ಮದು ಭದ್ರಾ ಕಾಲುವೆ ನೀರಿನ ಗದ್ದೆ. ನಾಟಿ ಮಾಡಿ ಮೂರು ವಾರ ಆಯಿತು. ರಾತ್ರಿ ಜಗುಲಿ ದೀಪಕ್ಕೆ ಪುಟ್ಟ ಬಿಳಿ ಪತಂಗಗಳು ಮುತ್ತುತ್ತವೆ. ಬೆಳಿಗ್ಗೆ ಗದ್ದೆ ನೀರಿನ ಮೇಲೆ ಕತ್ತರಿಸಿದಂಥ ಎಲೆ ಚೂರುಗಳು ತೇಲುತ್ತಿರುತ್ತವೆ. ಎರಡಕ್ಕೂ ಸಂಬಂಧ ಇದೆಯಾ?
– ಓದುಗರೊಬ್ಬರು, ಮಲೇಬೆನ್ನೂರು, ದಾವಣಗೆರೆ ಜಿಲ್ಲೆ

ಉತ್ತರ: ಇದೆ. ತಾಯಿ ನಿಮ್ಮ ಜಗುಲಿಯಲ್ಲಿದೆ, ಮರಿ ಗದ್ದೆಯಲ್ಲಿದೆ! ಇದು ಕೊಳವೆ ಹುಳು. ವಿಜ್ಞಾನಿಗಳು ಇದನ್ನು ಪ್ಯಾರಾಪಾಯಿಂಕ್ಸ್ ಸ್ಟಾಗ್ನಾಲಿಸ್ ಅನ್ನುತ್ತಾರೆ.

ಪತಂಗ ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಸೆಂಟಿಮೀಟರ್. ಅಚ್ಚ ಬಿಳಿ, ಅದರ ಮೇಲೆ ತಿಳಿ ಕಂದು ಗೀರು, ಸಣ್ಣ ಕಪ್ಪು ಚುಕ್ಕೆ. ರೆಕ್ಕೆ ಹಳದಿಯಾಗಿದ್ದು ಒಂದೊಂದರ ನಡುವೆ ಒಂದೇ ಕಪ್ಪು ಚುಕ್ಕೆ ಇದ್ದರೆ ಅದು ಕಾಂಡ ಕೊರಕದ ಹೆಣ್ಣು. ಅದರ ಕಥೆಯೇ ಬೇರೆ.

ತಾಯಿ ನೀರಿಗೆ ತಾಗಿದ ಎಲೆಗಳ ಅಡಿಯಲ್ಲಿ ಮೊಟ್ಟೆ ಇಡುತ್ತದೆ. ಕೆಲವೇ ದಿನಕ್ಕೆ ಮರಿ ಹೊರಬರುತ್ತದೆ. ಅದು ಎಲೆ ತುದಿ ಕತ್ತರಿಸಿ, ಸುರುಳಿ ಸುತ್ತಿ, ರೇಷ್ಮೆ ಎಳೆಯಿಂದ ಹೆಣೆದು ಒಳಗೆ ಸೇರಿಕೊಳ್ಳುತ್ತದೆ. ನೀವು ನೋಡಿದ ಚೂರುಗಳು ಅವೇ. ಬೆಳೆದಂತೆಲ್ಲ ಹೊಸ ಕೊಳವೆ ಮಾಡಿಕೊಳ್ಳುತ್ತದೆ. ಕೊಳವೆ ಸಮೇತ ಗಿಡ ಹತ್ತಿ ಎಲೆಯ ಹಸಿರು ಕೆರೆದು ತಿನ್ನುತ್ತದೆ, ಉಳಿದ ಭಾಗ ಕಾಗದದಂತೆ ಬೆಳ್ಳಗಾಗುತ್ತದೆ.

ಒಂದು ಕೊಳವೆ ತಂದು ಬಿಳಿ ತಟ್ಟೆಯ ನೀರಿಗೆ ಹಾಕಿ, ಮೆಲ್ಲಗೆ ಬಿಚ್ಚಿ ನೋಡಿ. ನಾನು ಭೂತಗನ್ನಡಿ ಹಿಡಿದು ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೇನೆ. ತೆಳು ಹಸಿರು ಮೈ, ಎರಡೂ ಪಕ್ಕಕ್ಕೆ ಕವಲೊಡೆದ ಬಿಳಿ ಎಳೆಗಳು. ಅವು ಕಿವಿರು! ಪತಂಗದ ಮರಿ ಮೀನಿನ ಹಾಗೆ ನೀರಲ್ಲೇ ಉಸಿರಾಡುತ್ತದೆ. ಇಂಥ ಮರಿ ಪತಂಗಗಳಲ್ಲಿ ಬಹಳ ಅಪರೂಪ. ಕೊನೆಗೆ ಕೊಳವೆಯನ್ನು ಗಿಡದ ಬುಡಕ್ಕೆ ಅಂಟಿಸಿ ಒಳಗೇ ಕೋಶವಾಗುತ್ತದೆ. ಸುಮಾರು ವಾರಕ್ಕೆ ಮತ್ತೆ ಬಿಳಿ ರೆಕ್ಕೆ.

ನೀರಿಲ್ಲದೆ ಮರಿ ಬದುಕದು, ಅದಕ್ಕೇ ಔಷಧಿ ಡಬ್ಬ ಹುಡುಕುವ ಮೊದಲು ನೀರಿನ ಕಡೆ ನೋಡಿ. ಗದ್ದೆಯಲ್ಲಿ ನೀರಿರುವಾಗಲೇ ಇಬ್ಬರು ಎದುರುಬದುರು ನಿಂತು ಪೈರಿನ ಮೇಲೆ ಹಗ್ಗ ಎಳೆಯಿರಿ, ಕೊಳವೆಗಳು ಉದುರುತ್ತವೆ. ಆಮೇಲೆ ನೀರು ಬಸಿದು ಎರಡು ಮೂರು ದಿನ ಹಾಗೇ ಬಿಡಿ. ಎಳೆ ಪೈರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ, ಜಾಸ್ತಿ ಗಾಬರಿ ಬೇಡ. ನೀರು ಹೊರಹೋಗುವ ಬಾಯಿಗೆ ಮಾತ್ರ ಸೊಳ್ಳೆಪರದೆ ಬಟ್ಟೆ ಕಟ್ಟಿ, ಸಿಕ್ಕ ಕೊಳವೆಗಳನ್ನು ಬಾಚಿ ತೆಗೆಯಿರಿ. ಇಲ್ಲದಿದ್ದರೆ ಅವು ತೇಲಿಕೊಂಡು ಕೆಳಗಿನ ಗದ್ದೆಯವರ ಪಾಲಾಗುತ್ತವೆ.