ಫೋನಿನಲ್ಲೇ ಚಿಕಿತ್ಸೆ ಕೊಡಲು ವೈದ್ಯರು ಹಿಂಜರಿಯುವುದೇಕೆ?

ಬಹುಪಾಲು, ಕೈಮುಟ್ಟಿ ನೋಡಲಾಗದ ಅಳುಕಿನಿಂದ. ಹೊಟ್ಟೆನೋವೆಂದರೆ ಒತ್ತಿ ನೋಡಬೇಕು. ಪರದೆಯಲ್ಲಿ ಅದೆಲ್ಲಿ ಸಾಧ್ಯ? 2020ರ ಮಾರ್ಚ್ 25ರಂದು ಕೇಂದ್ರದ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ಬರುವವರೆಗೆ ಕಾನೂನಿನ ಸ್ಪಷ್ಟತೆಯೂ ಇರಲಿಲ್ಲ.

ಅದೇ ದಿನಗಳಲ್ಲಿ ಕೊರೊನಾದಿಂದಾಗಿ ಕರ್ನಾಟಕ-ಕೇರಳ ನಡುವಿನ ತಲಪಾಡಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಕಾಸರಗೋಡಿನವರು ಕಂಗಾಲಾದೆವು. ನನ್ನ ಅತ್ತೆಯ ಸಕ್ಕರೆ ಕಾಯಿಲೆಗೆ ಅಲ್ಲಿನ ವೈದ್ಯರು ವಾಟ್ಸ್‌ಆ್ಯಪ್‌ನಲ್ಲಿ ರಕ್ತಪರೀಕ್ಷೆಯ ಚೀಟಿ ನೋಡಿ ಮಾತ್ರೆ ಬದಲಿಸಿದರು. ಕಾಲಿನ ಹುಣ್ಣಿನ ಫೋಟೋ ಕಳುಹಿಸಿದಾಗ ಮಾತ್ರ, “ಇದನ್ನು ಅಲ್ಲೇ ಹತ್ತಿರದ ಡಾಕ್ಟರಿಗೆ ತೋರಿಸಿ ಅಮ್ಮ” ಎಂದರು. ಅದು ಜಾರಿಕೊಳ್ಳುವಿಕೆಯಲ್ಲ, ವಿವೇಕ ಎನ್ನುತ್ತೇನೆ. ಫೋನು ಸಾಕೇ, ನೇರ ಭೇಟಿ ಬೇಕೇ ಎಂಬ ತೀರ್ಮಾನವನ್ನು ಮಾರ್ಗಸೂಚಿ ವೈದ್ಯರಿಗೇ ಬಿಟ್ಟಿದೆ. ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗೂ ಸಲಹೆ ಕೊಡಬಹುದು. ಗಡಿಯಲ್ಲಿರುವ ನಮಗೆ ಇದೇ ದೊಡ್ಡ ಅನುಕೂಲ.